ಬ್ಯಾಸ್ಕೆಟ್‌ಬಾಲ್: ಮೂಲ ನಿಯಮಗಳು ಮತ್ತು ಆಟದ ಕೌಶಲಗಳು

ಬ್ಯಾಸ್ಕೆಟ್‌ಬಾಲ್ ತಲಾ ಐವರು ಆಟಗಾರರ ಎರಡು ತಂಡಗಳು ಆಯತಾಕಾರದ ಅಂಕಣದಲ್ಲಿ ಆಡುವ ಚೆಂಡಾಟ. ನೆಲದಿಂದ 3.05 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕೂರಿಸಿದ ಕಬ್ಬಿಣದ ಬಳೆಯೊಳಕ್ಕೆ ಮೇಲಿನಿಂದ ಚೆಂಡನ್ನು ಹಾಕಿ ಅಂಕ ಗಳಿಸುವುದು, ಎದುರಾಳಿ ತಂಡ ಹಾಗೆ ಗಳಿಸದಂತೆ ತಡೆಯುವುದು ಈ ಆಟದ ಗುರಿ. ಚೆಂಡನ್ನು ಕೈಯಿಂದಲೇ ಆಡಬೇಕು. ಅದನ್ನು ಹಿಡಿದುಕೊಂಡು ಓಡುವಂತಿಲ್ಲ. ಮೇಲ್ನೋಟಕ್ಕೆ ನಿಯಮಗಳು ಬಹಳವೆನಿಸಿದರೂ ಅವುಗಳಲ್ಲಿ ಹೆಚ್ಚಿನವು ಈ ಒಂದೆರಡು ಮೂಲ ವಿಚಾರಗಳಿಂದಲೇ ಹುಟ್ಟಿದವು. ಆದುದರಿಂದ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಅದು ಏಕೆ ಬಂದಿತೆಂದು ತಿಳಿದರೆ ಆಟವೂ ಬೇಗ ಅರ್ಥವಾಗುತ್ತದೆ.

ಹುಟ್ಟು

ಕೆನಡಾದಲ್ಲಿ ಜನಿಸಿದ ಜೇಮ್ಸ್ ನೈಸ್ಮಿತ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈ.ಎಂ.ಸಿ.ಎ. ತರಬೇತಿ ಶಾಲೆಯ ದೈಹಿಕ ಶಿಕ್ಷಕರಾಗಿದ್ದರು. ಚಳಿಗಾಲದಲ್ಲಿ ಮೈದಾನಗಳು ಹಿಮದಿಂದ ಮುಚ್ಚಿಹೋಗುತ್ತಿದ್ದವು. ಒಳಾಂಗಣದಲ್ಲಿ ಕವಾಯತು ಮಾಡಿ ಬೇಸತ್ತಿದ್ದ ಯುವಕರಿಗೆ ಒಂದು ಹೊಸ ಆಟ ಬೇಕಾಗಿತ್ತು. ಫುಟ್‌ಬಾಲ್, ರಗ್ಬಿಗಳಂಥ ಆಟಗಳನ್ನು ಗೋಡೆಗಳ ನಡುವೆ ಆಡಿಸಿದರೆ ಮೈಕೈ ಮುರಿಯುವುದು ಖಂಡಿತ. ಚೆಂಡನ್ನು ಹಿಡಿದು ಓಡುವವನನ್ನು ನಿಲ್ಲಿಸಲು ಅವನ ಮೈಮೇಲೆ ಬೀಳಬೇಕಾಗುತ್ತದೆ; ಓಡುವುದನ್ನೇ ನಿಷೇಧಿಸಿದರೆ ಮೈಮೇಲೆ ಬೀಳುವ ಅಗತ್ಯವೇ ಇರುವುದಿಲ್ಲ ಎಂಬುದು ನೈಸ್ಮಿತ್ ಅವರ ತರ್ಕ. ಹಾಗೆಯೇ ಗುರಿಯು ನೆಲದ ಮೇಲೆ ನೆಟ್ಟಗೆ ನಿಂತಿದ್ದರೆ ಚೆಂಡನ್ನು ಬಲವಾಗಿ ಎಸೆಯುವವನೇ ಗೆಲ್ಲುತ್ತಾನೆ. ಅದನ್ನು ತಲೆಯ ಮೇಲೆ ಅಡ್ಡಲಾಗಿ ಇಟ್ಟರೆ ಬಲಕ್ಕಿಂತ ನಯಕ್ಕೆ ಬೆಲೆ ಬರುತ್ತದೆ.

1891ರ ಡಿಸೆಂಬರ್‌ನಲ್ಲಿ ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಾಂಜನಕ್ಕೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಲಾಯಿತು. ಆ ಕಟಾಂಜನ 10 ಅಡಿ ಎತ್ತರದಲ್ಲಿತ್ತು. ಇಂದಿಗೂ ಬಳೆಯ ಎತ್ತರ ಅಷ್ಟೇ ಇರುವುದು ಈ ಆಕಸ್ಮಿಕದಿಂದ. ತರಗತಿಯಲ್ಲಿ 18 ವಿದ್ಯಾರ್ಥಿಗಳಿದ್ದುದರಿಂದ ಮೊದಲ ಪಂದ್ಯ ತಲಾ ಒಂಬತ್ತು ಮಂದಿಯ ನಡುವೆ ನಡೆಯಿತು. ಬುಟ್ಟಿಗೆ ತಳವಿದ್ದುದರಿಂದ ಪ್ರತಿ ಗೋಲಿನ ನಂತರವೂ ಯಾರಾದರೂ ಮೇಲೆ ಹತ್ತಿ ಚೆಂಡನ್ನು ತೆಗೆಯಬೇಕಾಗಿತ್ತು. ನೈಸ್ಮಿತ್ ಬರೆದ 13 ನಿಯಮಗಳು 1892ರ ಜನವರಿಯಲ್ಲಿ ಶಾಲೆಯ ಪತ್ರಿಕೆಯಲ್ಲಿ ಅಚ್ಚಾದವು. ಅದೇ ವರ್ಷ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಅವರು ಆಟವನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಮೇಲಂತಸ್ತಿನಲ್ಲಿ ಕುಳಿತ ಪ್ರೇಕ್ಷಕರು ಕೈಚಾಚಿ ಚೆಂಡನ್ನು ತಳ್ಳತೊಡಗಿದಾಗ ಅವರನ್ನು ದೂರವಿಡಲೆಂದು ಬುಟ್ಟಿಯ ಹಿಂದೆ ಫಲಕ ಬಂದಿತು. ತಡೆಗೋಡೆಯಾಗಿ ಬಂದ ಆ ಫಲಕ ಕಾಲಕ್ರಮೇಣ ಆಟದ ಮುಖ್ಯ ಸಾಧನವೇ ಆಯಿತು.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ, ಅಂದರೆ ಫೀಬಾ, 1932ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾಯಿತು. ಪುರುಷರ ಆಟ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಸೇರಿತು. ಅಂತಿಮ ಪಂದ್ಯ ಬಯಲಿನಲ್ಲಿ, ಮಳೆಯಲ್ಲಿ ನಡೆದು ಅಮೆರಿಕ ಕೆನಡಾವನ್ನು 19–8ರಿಂದ ಸೋಲಿಸಿತು. ಕೆಸರಾದ ನೆಲದಲ್ಲಿ ಚೆಂಡು ಪುಟಿಯದಿದ್ದುದೇ ಅಷ್ಟು ಕಡಿಮೆ ಅಂಕಗಳಿಗೆ ಮುಖ್ಯ ಕಾರಣ. ಮಹಿಳೆಯರ ಆಟಕ್ಕೆ ಒಲಿಂಪಿಕ್ ಸ್ಥಾನ ದೊರೆತದ್ದು 40 ವರ್ಷಗಳ ನಂತರ, 1976ರ ಮಾಂಟ್ರಿಯಲ್‌ನಲ್ಲಿ.

ಅಂಕಣ ಮತ್ತು ಸಲಕರಣೆ

ಫೀಬಾ ನಿಯಮದಂತೆ ಅಂಕಣವು 28 ಮೀಟರ್ ಉದ್ದ, 15 ಮೀಟರ್ ಅಗಲ. ಗೆರೆಗಳ ಅಗಲ 5 ಸೆಂ.ಮೀ. ಗಡಿಗೆರೆಯು ಅಂಕಣದ ಒಳಗೆ ಸೇರಿದ್ದಲ್ಲ. ಗೆರೆಯನ್ನು ಮೆಟ್ಟಿದವನು ಹೊರಗಿದ್ದಂತೆಯೇ. ಟೆನಿಸ್, ವಾಲಿಬಾಲ್ ನೋಡಿ ಬಂದ ಹೊಸಬರು ಇಲ್ಲಿ ತಪ್ಪುವುದುಂಟು. ಬಳೆಯ ಒಳವ್ಯಾಸ ಸುಮಾರು 45 ಸೆಂ.ಮೀ., ಫಲಕದ ಅಳತೆ 1.80 × 1.05 ಮೀಟರ್. ಫಲಕದ ಮುಂದಿನ, ಬಣ್ಣ ಬಳಿದಿರುವ ಆಯತವನ್ನು ನಿರ್ಬಂಧಿತ ಪ್ರದೇಶ ಎನ್ನುತ್ತಾರೆ. ಅದರ ಮುಂಗಡಿಯೇ ಫ್ರೀ ಥ್ರೋ ಗೆರೆ, ಫಲಕದಿಂದ 4.60 ಮೀಟರ್ ದೂರ. ಬಳೆಯ ಸುತ್ತ 6.75 ಮೀಟರ್ ತ್ರಿಜ್ಯದಲ್ಲಿ ಎಳೆದ ಕಮಾನು ಮೂರು ಅಂಕಗಳ ಗೆರೆ.

ಪುರುಷರು 7ನೇ ಸಂಖ್ಯೆಯ ಚೆಂಡನ್ನೂ ಮಹಿಳೆಯರು ಸ್ವಲ್ಪ ಚಿಕ್ಕದಾದ 6ನೇ ಸಂಖ್ಯೆಯ ಚೆಂಡನ್ನೂ ಬಳಸುತ್ತಾರೆ. ಮೊದಲನೆಯದರ ಸುತ್ತಳತೆ ಸುಮಾರು 76 ಸೆಂ.ಮೀ., ತೂಕ ಸುಮಾರು 600 ಗ್ರಾಂ. ಹನ್ನೆರಡು ವರ್ಷದೊಳಗಿನ ಮಕ್ಕಳಿಗಾಗಿ 5ನೇ ಸಂಖ್ಯೆಯ ಚೆಂಡು ಮತ್ತು 2.60 ಮೀಟರ್ ಎತ್ತರದ ಬಳೆ ಇರುವ ಮಿನಿ ಬ್ಯಾಸ್ಕೆಟ್‌ಬಾಲ್ ಪ್ರತ್ಯೇಕವಾಗಿದೆ. ಶಾಲೆಗಳಲ್ಲಿ ಇದನ್ನು ಕಡೆಗಣಿಸಿ ಎಳೆಯರ ಕೈಗೆ ದೊಡ್ಡವರ ಚೆಂಡನ್ನೇ ಕೊಡುವ ರೂಢಿ ಒಳ್ಳೆಯದಲ್ಲ. ಭಾರವಾದ ಚೆಂಡನ್ನು ಎತ್ತರದ ಬಳೆಗೆ ಮುಟ್ಟಿಸಲು ಮಗು ಎರಡೂ ಕೈಗಳಿಂದ ಸೊಂಟದಿಂದ ಎತ್ತಿ ಎಸೆಯುತ್ತದೆ. ಒಮ್ಮೆ ಕೂತ ಆ ಅಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ತಂಡ, ಅಂಕ ಮತ್ತು ಅವಧಿ

ತಂಡದಲ್ಲಿ 12 ಆಟಗಾರರವರೆಗೆ ಇರಬಹುದು; ಅಂಕಣದಲ್ಲಿ ಐವರು. ಬದಲಾವಣೆಗೆ ಮಿತಿಯಿಲ್ಲ, ಹೊರಗೆ ಹೋದವರು ಮತ್ತೆ ಬರಬಹುದು. ಕಮಾನಿನೊಳಗಿಂದ ಹಾಕಿದ ಗೋಲಿಗೆ 2, ಹೊರಗಿಂದ ಹಾಕಿದ್ದಕ್ಕೆ 3, ಫ್ರೀ ಥ್ರೋಗೆ 1 ಅಂಕ. ಆಟಗಾರ ಆಕಸ್ಮಿಕವಾಗಿ ತನ್ನದೇ ತಂಡದ ಬುಟ್ಟಿಗೆ ಚೆಂಡು ಹಾಕಿದರೆ ಎದುರಾಳಿಗೆ ಎರಡು ಅಂಕ ಸೇರುತ್ತದೆ. ಬೇಕೆಂದೇ ಹಾಕಿದರೆ ಅದು ನಿಯಮೋಲ್ಲಂಘನೆ, ಅಂಕವಿಲ್ಲ.

ಮೂರು ಅಂಕಗಳ ಗೆರೆಯನ್ನು ಅಮೆರಿಕದ ಎನ್.ಬಿ.ಎ. 1979ರಲ್ಲೂ ಫೀಬಾ 1984ರಲ್ಲೂ ಅಳವಡಿಸಿಕೊಂಡವು. ಅದರಿಂದ ಆಟದ ಲೆಕ್ಕಾಚಾರವೇ ಬದಲಾಯಿತು. ದೂರದಿಂದ ಮೂರು ಎಸೆತಗಳಲ್ಲಿ ಒಂದನ್ನು ಹಾಕುವವನು ಹತ್ತಿರದಿಂದ ಎರಡರಲ್ಲಿ ಒಂದನ್ನು ಹಾಕುವವನಷ್ಟೇ ಅಂಕ ತರುತ್ತಾನೆ. ಇಂದಿನ ತಂಡಗಳು ಒಂದೋ ಬಳೆಯ ಕೆಳಗಿನಿಂದ, ಇಲ್ಲವೇ ಕಮಾನಿನ ಹೊರಗಿನಿಂದ ಎಸೆಯಲು ಬಯಸಿ ನಡುವಿನ ಜಾಗವನ್ನು ಬಿಡುತ್ತಿರುವುದಕ್ಕೆ ಈ ಸರಳ ಗಣಿತವೇ ಕಾರಣ.

ಪಂದ್ಯ ತಲಾ 10 ನಿಮಿಷಗಳ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ. ಶಿಳ್ಳೆ ಊದಿದಾಗಲೆಲ್ಲ ಗಡಿಯಾರ ನಿಲ್ಲುವುದರಿಂದ 40 ನಿಮಿಷದ ಪಂದ್ಯಕ್ಕೆ ಅದರ ಎರಡರಷ್ಟು ಸಮಯ ಹಿಡಿಯುವುದು ಸಾಮಾನ್ಯ. ಸಮ ಅಂಕಗಳಾದರೆ 5 ನಿಮಿಷಗಳ ಹೆಚ್ಚುವರಿ ಅವಧಿ ನೀಡಲಾಗುತ್ತದೆ. ಫಲಿತಾಂಶ ಬರುವವರೆಗೆ ಅದು ಮುಂದುವರಿಯುತ್ತದೆ. ಎನ್.ಬಿ.ಎ.ಯಲ್ಲಿ ಪ್ರತಿ ಭಾಗ 12 ನಿಮಿಷ, ಮೂರು ಅಂಕಗಳ ಕಮಾನು 7.24 ಮೀಟರ್ ದೂರದಲ್ಲಿರುತ್ತದೆ.

ಪಂದ್ಯವನ್ನು ಮಧ್ಯವೃತ್ತದಲ್ಲಿ ಚೆಂಡನ್ನು ಮೇಲಕ್ಕೆ ಚಿಮ್ಮಿ ಆರಂಭಿಸಲಾಗುತ್ತದೆ. ಮುಂದೆ ಎರಡು ತಂಡದವರೂ ಚೆಂಡನ್ನು ಒಟ್ಟಿಗೆ ಬಿಗಿಹಿಡಿದಂಥ ಸಂದರ್ಭಗಳಲ್ಲಿ ಮತ್ತೆ ಚಿಮ್ಮುವುದಿಲ್ಲ. ಮೇಜಿನ ಮೇಲಿರುವ ಬಾಣದ ಗುರುತು ತೋರಿಸುವ ತಂಡಕ್ಕೆ ಸರದಿಯಂತೆ ಚೆಂಡು ಸಿಗುತ್ತದೆ.

ಚೆಂಡಿನೊಂದಿಗೆ ಚಲಿಸುವ ನಿಯಮಗಳು

ನಿಂತಲ್ಲಿ ಚೆಂಡು ಪಡೆದ ಆಟಗಾರ ಒಂದು ಪಾದವನ್ನು ಊರಿ, ಇನ್ನೊಂದನ್ನು ಎಷ್ಟು ಬಾರಿಯಾದರೂ ಯಾವ ದಿಕ್ಕಿಗಾದರೂ ಇಡಬಹುದು. ಊರಿದ ಪಾದಕ್ಕೆ ಪಿವಟ್ ಎಂದು ಹೆಸರು. ಪಾಸ್ ಮಾಡಲು ಅಥವಾ ಗುರಿಯೆಸೆಯಲು ಅದನ್ನು ಎತ್ತಬಹುದು, ಆದರೆ ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟಿರಬೇಕು. ಡ್ರಿಬಲ್ ಆರಂಭಿಸುವುದಾದರೆ ನಿಯಮ ಇನ್ನೂ ಬಿಗಿ: ಪಿವಟ್ ಪಾದ ಏಳುವ ಮೊದಲೇ ಚೆಂಡು ಕೈಯಿಂದ ಹೊರಟಿರಬೇಕು. ಇದನ್ನು ಮೀರುವುದೇ ಟ್ರಾವೆಲಿಂಗ್. ಚಲನೆಯಲ್ಲಿದ್ದಾಗ ಚೆಂಡು ಹಿಡಿದವರಿಗೆ ನಿಲ್ಲಲು, ಪಾಸ್ ಮಾಡಲು ಅಥವಾ ಎಸೆಯಲು ಎರಡು ಹೆಜ್ಜೆಗಳ ಅವಕಾಶವಿದೆ. ಚೆಂಡನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಕ್ಷಣದಲ್ಲಿ ನೆಲದ ಮೇಲಿದ್ದ ಪಾದವನ್ನು ಈ ಎರಡರಲ್ಲಿ ಎಣಿಸುವುದಿಲ್ಲ. ಪ್ರೇಕ್ಷಕರು ಮೂರು ಹೆಜ್ಜೆಯಾಯಿತೆಂದು ಕೂಗಿದರೂ ತೀರ್ಪುಗಾರರು ಸುಮ್ಮನಿರುವುದು ಹಲವು ಬಾರಿ ಇದೇ ಕಾರಣದಿಂದ.

ನೈಸ್ಮಿತ್ ಅವರ 13 ನಿಯಮಗಳಲ್ಲಿ ಡ್ರಿಬ್ಲಿಂಗ್ ಇರಲಿಲ್ಲ. ಸುತ್ತುವರಿಯಲ್ಪಟ್ಟ ಆಟಗಾರರು ಚೆಂಡನ್ನು ನೆಲಕ್ಕೆ ಬಿಟ್ಟು ತಾವೇ ಮತ್ತೆ ಹಿಡಿಯುವ ಉಪಾಯ ಕಂಡುಕೊಂಡದ್ದರಿಂದ ಅದು ಬೆಳೆಯಿತು. ಈಗಿನ ನಿಯಮದಲ್ಲಿ ಒಂದೇ ಕೈಯಿಂದ ಚೆಂಡನ್ನು ಪುಟಿಸುತ್ತ ಎಷ್ಟು ದೂರವಾದರೂ ಸಾಗಬಹುದು. ಎರಡೂ ಕೈಗಳಿಂದ ಏಕಕಾಲಕ್ಕೆ ಮುಟ್ಟಿದರೆ ಅಥವಾ ಚೆಂಡು ಅಂಗೈಯಲ್ಲಿ ನಿಂತರೆ ಡ್ರಿಬಲ್ ಮುಗಿಯಿತು. ಮತ್ತೆ ಆರಂಭಿಸುವುದು ಡಬಲ್ ಡ್ರಿಬಲ್ ಎಂಬ ಉಲ್ಲಂಘನೆ. ಇಂಥ ಉಲ್ಲಂಘನೆಗಳಿಗೆ ಶಿಕ್ಷೆ ಒಂದೇ: ಚೆಂಡು ಎದುರಾಳಿಗೆ.

ಸಮಯದ ಮಿತಿಗಳು

ಈ ಆಟದಲ್ಲಿ ಅಂಕಣದಷ್ಟೇ ಕಾಲಕ್ಕೂ ಗೆರೆಗಳಿವೆ. ದಾಳಿ ಮಾಡುವ ಆಟಗಾರ ಎದುರಾಳಿಯ ನಿರ್ಬಂಧಿತ ಪ್ರದೇಶದಲ್ಲಿ ಸತತವಾಗಿ 3 ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಇಲ್ಲದಿದ್ದರೆ ಎತ್ತರದವರು ಬಳೆಯ ಕೆಳಗೇ ಬೀಡುಬಿಡುತ್ತಿದ್ದರು. ಹೊರಗಿನಿಂದ ಚೆಂಡನ್ನು ಒಳಕ್ಕೆ ಎಸೆಯಲು 5 ಸೆಕೆಂಡು. ಎದುರಾಳಿ ಮೈಹತ್ತಿರ ನಿಂತು ತಡೆಯುತ್ತಿರುವಾಗ ಚೆಂಡನ್ನು ಹಿಡಿದು ನಿಂತವರಿಗೂ ಅಷ್ಟೇ. ತನ್ನ ಅರ್ಧದಿಂದ ಎದುರಾಳಿಯ ಅರ್ಧಕ್ಕೆ ಚೆಂಡನ್ನು 8 ಸೆಕೆಂಡಿನೊಳಗೆ ಒಯ್ಯಬೇಕು, ಒಯ್ದ ಮೇಲೆ ಹಿಂದಕ್ಕೆ ತರುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು 24 ಸೆಕೆಂಡಿನ ನಿಯಮ. 1950ರ ನವೆಂಬರ್ 22ರಂದು ನಡೆದ ಎನ್.ಬಿ.ಎ. ಪಂದ್ಯವೊಂದರಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19–18ರಿಂದ ಸೋಲಿಸಿತು. ಬಲಿಷ್ಠ ಎದುರಾಳಿಗೆ ಚೆಂಡು ಸಿಗದಂತೆ ಸುಮ್ಮನೆ ಹಿಡಿದು ನಿಲ್ಲುವುದೇ ಗೆದ್ದ ತಂಡದ ಉಪಾಯವಾಗಿತ್ತು. ನಿಯಮದಲ್ಲಿ ಅದಕ್ಕೆ ತಡೆಯಿರಲಿಲ್ಲ, ಆದರೆ ಹಣ ಕೊಟ್ಟು ಬಂದ ಪ್ರೇಕ್ಷಕರು ನೋಡಬೇಕಾದುದಾದರೂ ಏನು? ಇಂಥ ಪಂದ್ಯಗಳು ಆಟವನ್ನೇ ಕೊಲ್ಲುತ್ತವೆಂದು ಕಂಡ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್ ಅವರು ಒಂದು ಲೆಕ್ಕ ಹಾಕಿದರು. ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಗುರಿಯೆಸೆಯುತ್ತವೆ, 48 ನಿಮಿಷ ಎಂದರೆ 2,880 ಸೆಕೆಂಡು, ಭಾಗಿಸಿದರೆ 24. 1954ರಲ್ಲಿ ಎನ್.ಬಿ.ಎ. ಈ ಮಿತಿಯನ್ನು ಜಾರಿಗೆ ತಂದಿತು. ಫೀಬಾ 1956ರಲ್ಲಿ 30 ಸೆಕೆಂಡು ನಿಗದಿಪಡಿಸಿ 2000ದಲ್ಲಿ ಅದನ್ನು 24ಕ್ಕೆ ಇಳಿಸಿತು. ಈ ಅವಧಿಯೊಳಗೆ ಎಸೆದ ಚೆಂಡು ಬಳೆಯನ್ನಾದರೂ ಮುಟ್ಟಬೇಕು. ಬಳೆಗೆ ತಾಗಿ ಬಂದ ಚೆಂಡನ್ನು ದಾಳಿಯ ತಂಡವೇ ಮತ್ತೆ ಹಿಡಿದರೆ 14 ಸೆಕೆಂಡು ಸಿಗುತ್ತದೆ.

ಗಡಿಯಾರವನ್ನು ನೋಡಿಕೊಳ್ಳುವವರ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಅಂತಿಮ ಪಂದ್ಯ ಸಾಕ್ಷಿ. ಒಲಿಂಪಿಕ್ಸ್‌ನಲ್ಲಿ ಆವರೆಗೆ ಒಂದು ಪಂದ್ಯವನ್ನೂ ಸೋಲದಿದ್ದ ಅಮೆರಿಕ, ಮೂರು ಸೆಕೆಂಡು ಉಳಿದಿರುವಾಗ ಡಗ್ ಕಾಲಿನ್ಸ್ ಹಾಕಿದ ಎರಡು ಫ್ರೀ ಥ್ರೋಗಳಿಂದ ಸೋವಿಯತ್ ಒಕ್ಕೂಟದ ವಿರುದ್ಧ 50–49ರಿಂದ ಮುಂದಾಯಿತು. ಸೋವಿಯತ್ ತಂಡ ಕೇಳಿದ್ದ ವಿರಾಮದ ಬಗ್ಗೆ ಗೊಂದಲವೆದ್ದು ಆಟ ನಿಂತಿತು. ಮತ್ತೆ ಆರಂಭಿಸಿದಾಗ ಗಡಿಯಾರ ಸರಿಯಾಗಿ ಹೊಂದಿಸಿರಲಿಲ್ಲ. ಘಂಟೆ ಮೊಳಗಿ ಅಮೆರಿಕದ ಆಟಗಾರರು ಕುಣಿದಾಡತೊಡಗಿದರು. ಮೂರು ಸೆಕೆಂಡುಗಳನ್ನು ಮೂರನೆಯ ಬಾರಿ ಆಡಿಸಲಾಯಿತು. ಇವಾನ್ ಎಡೆಷ್ಕೊ ಅಂಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಸೆದ ಚೆಂಡನ್ನು ಅಲೆಕ್ಸಾಂಡರ್ ಬೆಲೋವ್ ಬುಟ್ಟಿಗೆ ಹಾಕಿ 51–50ರಿಂದ ಚಿನ್ನ ಗೆದ್ದುಕೊಟ್ಟರು. ಅಮೆರಿಕದ ಆಟಗಾರರು ಬೆಳ್ಳಿಯ ಪದಕಗಳನ್ನು ಸ್ವೀಕರಿಸಲಿಲ್ಲ. ಅಂಕಣದಲ್ಲಿರುವ ಇಬ್ಬರು ಅಥವಾ ಮೂವರು ತೀರ್ಪುಗಾರರಲ್ಲದೆ ಅಂಕ ಬರೆಯುವವರು, ಅವರ ಸಹಾಯಕರು, ಪಂದ್ಯದ ಗಡಿಯಾರ ಹಾಗೂ 24 ಸೆಕೆಂಡಿನ ಗಡಿಯಾರ ನಡೆಸುವವರು ಮೇಜಿನ ಬಳಿ ಇರುತ್ತಾರೆ. ಅವರ ಕೆಲಸವನ್ನು ಗುಮಾಸ್ತಿಕೆಯೆಂದು ಎಣಿಸುವುದು ತಪ್ಪು.

ಫೌಲ್‌ಗಳು

ಬ್ಯಾಸ್ಕೆಟ್‌ಬಾಲ್ ಮೈಮುಟ್ಟದ ಆಟವೆಂದು ಪಠ್ಯಗಳು ಹೇಳುತ್ತವೆ. ಹತ್ತು ಮಂದಿ ವೇಗವಾಗಿ ಓಡಾಡುವಲ್ಲಿ ಅದು ಪೂರ್ತಿ ಸಾಧ್ಯವಿಲ್ಲ. ಆದುದರಿಂದ ತಾಗಿತೇ ಎಂಬುದಕ್ಕಿಂತ ಆ ತಾಗುವಿಕೆಯಿಂದ ಯಾರಿಗಾದರೂ ಅನ್ಯಾಯದ ಲಾಭ ಸಿಕ್ಕಿತೇ ಎಂಬುದನ್ನು ತೀರ್ಪುಗಾರರು ನೋಡುತ್ತಾರೆ. ಪ್ರತಿ ಆಟಗಾರನಿಗೂ ತಾನು ನಿಂತ ನೆಲ ಮತ್ತು ಅದರ ನೇರ ಮೇಲಿನ ಅವಕಾಶ ಸೇರಿ ಒಂದು ಕಾಲ್ಪನಿಕ ಕೊಳವೆಯಿದೆಯೆಂದು ಭಾವಿಸಲಾಗುತ್ತದೆ. ಅದರೊಳಗೆ ನೇರವಾಗಿ ನೆಗೆದು ಕೈಯೆತ್ತುವುದು ಹಕ್ಕು. ಅದರಾಚೆಗೆ ಕೈ, ಮೊಣಕೈ, ಸೊಂಟ ಚಾಚಿ ಇನ್ನೊಬ್ಬರನ್ನು ತಡೆಯುವುದು ಫೌಲ್. ಹಿಡಿಯುವುದು, ತಳ್ಳುವುದು, ಕೈಮೇಲೆ ಹೊಡೆಯುವುದು ಇವೆಲ್ಲ ವೈಯಕ್ತಿಕ ಫೌಲ್‌ಗಳು.

ಅತಿ ಹೆಚ್ಚು ವಾದ ಹುಟ್ಟಿಸುವುದು ಡಿಕ್ಕಿಯ ತೀರ್ಪು. ಚೆಂಡಿನೊಂದಿಗೆ ನುಗ್ಗಿದವನು ರಕ್ಷಕನಿಗೆ ಗುದ್ದಿದಾಗ ತಪ್ಪು ಯಾರದು? ರಕ್ಷಕ ಎದುರಾಳಿಗೆ ಮುಖ ಮಾಡಿ, ಎರಡೂ ಪಾದ ನೆಲದ ಮೇಲಿಟ್ಟು ಮೊದಲೇ ಆ ಜಾಗದಲ್ಲಿ ನೆಲೆನಿಂತಿದ್ದರೆ ನುಗ್ಗಿದವನದು ತಪ್ಪು, ಇದು ಚಾರ್ಜಿಂಗ್. ರಕ್ಷಕ ತಡವಾಗಿ ಅಡ್ಡಬಂದಿದ್ದರೆ ಅವನದು, ಇದು ಬ್ಲಾಕಿಂಗ್. ದಾಳಿಗಾರ ಗಾಳಿಗೆ ನೆಗೆದ ಮೇಲೆ ಅವನು ಇಳಿಯುವ ಜಾಗಕ್ಕೆ ಹೋಗಿ ನಿಲ್ಲುವುದು ಎಂದಿಗೂ ನ್ಯಾಯವಲ್ಲ. ಕಣಕಾಲು ಮತ್ತು ಮಂಡಿಯ ಗಂಭೀರ ಗಾಯಗಳು ಸಂಭವಿಸುವುದು ಇಂಥ ಇಳಿತದಲ್ಲಿಯೇ ಆದುದರಿಂದ, ಶಾಲಾ ಪಂದ್ಯಗಳಲ್ಲಿ ತೀರ್ಪುಗಾರರು ಈ ವಿಷಯದಲ್ಲಿ ಉದಾರತೆ ತೋರಬಾರದು.

ಗುರಿಯೆಸೆಯುತ್ತಿರುವವರ ಮೇಲೆ ಫೌಲ್ ಆದರೆ, ಚೆಂಡು ಬುಟ್ಟಿಗೆ ಬಿದ್ದಿದ್ದಲ್ಲಿ ಆ ಅಂಕದ ಜೊತೆಗೆ ಒಂದು ಫ್ರೀ ಥ್ರೋ. ಬೀಳದಿದ್ದಲ್ಲಿ ಎಸೆದ ಸ್ಥಳಕ್ಕೆ ಅನುಗುಣವಾಗಿ ಎರಡು ಅಥವಾ ಮೂರು. ಬೇರೆ ಸಂದರ್ಭದ ಫೌಲ್‌ಗೆ ಸಾಮಾನ್ಯವಾಗಿ ಹೊರಗಿನಿಂದ ಚೆಂಡನ್ನು ಎಸೆಯುವ ಅವಕಾಶ ಮಾತ್ರ. ಆದರೆ ಒಂದು ಭಾಗದಲ್ಲಿ ತಂಡದ ಫೌಲ್‌ಗಳು ನಾಲ್ಕನ್ನು ತಲುಪಿದ ಮೇಲೆ ಅಂಥ ಪ್ರತಿ ರಕ್ಷಣಾ ಫೌಲ್‌ಗೂ ಎರಡು ಫ್ರೀ ಥ್ರೋ ತೆರಬೇಕು. ಐದು ಫೌಲ್ ಮಾಡಿದ ಆಟಗಾರ ಪಂದ್ಯದಿಂದ ಹೊರಗೆ, ಎನ್.ಬಿ.ಎ.ಯಲ್ಲಿ ಆರು. ಚೆಂಡನ್ನು ಲೆಕ್ಕಿಸದೆ ಆಟಗಾರನನ್ನೇ ಕೆಡವುವಂಥ ಕೃತ್ಯ ಕ್ರೀಡಾಮನೋಭಾವಕ್ಕೆ ವಿರುದ್ಧವಾದ ಫೌಲ್. ಅದಕ್ಕೆ ಫ್ರೀ ಥ್ರೋಗಳ ಜೊತೆಗೆ ಚೆಂಡೂ ಎದುರಾಳಿಗೆ ಸಿಗುತ್ತದೆ. ತೀರ್ಪುಗಾರರೊಡನೆ ಅನುಚಿತ ವರ್ತನೆಗೆ ಟೆಕ್ನಿಕಲ್ ಫೌಲ್.

ಬಳೆಯತ್ತ ಕೆಳಮುಖವಾಗಿ ಇಳಿಯುತ್ತಿರುವ ಚೆಂಡನ್ನು ಬಳೆಯ ಮಟ್ಟಕ್ಕಿಂತ ಮೇಲೆ ಮುಟ್ಟುವಂತಿಲ್ಲ. ರಕ್ಷಕ ಮುಟ್ಟಿದರೆ ಗೋಲು ಆಯಿತೆಂದೇ ಲೆಕ್ಕ.

ಡ್ರಿಬ್ಲಿಂಗ್ ಮತ್ತು ಪಾಸ್

ಡ್ರಿಬಲ್ ಮಾಡುವಾಗ ಚೆಂಡನ್ನು ಅಂಗೈಯಿಂದ ಬಡಿಯದೆ ಬೆರಳ ತುದಿಗಳಿಂದ ಒತ್ತಬೇಕು. ಮಂಡಿ ಬಾಗಿರಬೇಕು, ತಲೆ ಎತ್ತಿರಬೇಕು. ಎದುರಾಳಿ ಹತ್ತಿರವಿದ್ದಾಗ ಚೆಂಡು ಮಂಡಿಗಿಂತ ಮೇಲೇಳದಂತೆ, ಖಾಲಿ ಜಾಗದಲ್ಲಿ ಓಡುವಾಗ ಸೊಂಟದ ಮಟ್ಟಕ್ಕೆ ಪುಟಿಸುತ್ತಾರೆ. ಎದುರಾಳಿಯಿಂದ ದೂರದ ಕೈಯನ್ನೇ ಬಳಸಬೇಕಾದುದರಿಂದ ಎಡಗೈಯ ಅಭ್ಯಾಸ ಅನಿವಾರ್ಯ. ಚೆಂಡನ್ನು ನೋಡುತ್ತ ಪುಟಿಸುವವರಿಗೆ ಜೊತೆಯವರು ಕಾಣುವುದಿಲ್ಲ. ಹೊಸಬರಲ್ಲಿ ಮೊದಲು ತಿದ್ದಬೇಕಾದ ದೋಷ ಇದು.

ಚೆಂಡನ್ನು ಮುಂದಕ್ಕೆ ಸಾಗಿಸುವ ವೇಗದ ದಾರಿ ಪಾಸ್. ಎದೆಯ ಮಟ್ಟದಿಂದ ಎರಡೂ ಕೈಗಳಿಂದ ತಳ್ಳುವ ಚೆಸ್ಟ್ ಪಾಸ್ ಹೆಚ್ಚು ಬಳಕೆಯಲ್ಲಿದೆ. ಬಿಟ್ಟಾಗ ಹೆಬ್ಬೆರಳುಗಳು ಕೆಳಮುಖವಾಗಿರಬೇಕು. ನಡುವೆ ಎತ್ತರದ ರಕ್ಷಕನಿದ್ದರೆ ಬೌನ್ಸ್ ಪಾಸ್ ಲೇಸು. ಚೆಂಡು ಇಬ್ಬರ ನಡುವಿನ ಅಂತರದ ಮೂರನೇ ಎರಡು ಭಾಗದಷ್ಟು ಹೋಗಿ ನೆಲ ಮುಟ್ಟಿದರೆ ಪಡೆಯುವವರ ಸೊಂಟದ ಮಟ್ಟಕ್ಕೆ ಬರುತ್ತದೆ. ತಲೆಯ ಮೇಲಿನಿಂದ ಎಸೆಯುವ ಪಾಸ್, ದೂರಕ್ಕೆ ಒಂದೇ ಕೈಯಿಂದ ಎಸೆಯುವ ಪಾಸ್ ಸಂದರ್ಭಕ್ಕೆ ತಕ್ಕಂತೆ ಬರುತ್ತವೆ. ಜೊತೆಗಾರ ಈಗ ಇರುವಲ್ಲಿಗಲ್ಲ, ಇನ್ನೊಂದು ಕ್ಷಣದಲ್ಲಿ ಇರುವಲ್ಲಿಗೆ ಎಸೆಯಬೇಕು.

ಗುರಿಯೆಸೆತ

ಚಲನೆಯಲ್ಲಿದ್ದು ಬಳೆಯ ಹತ್ತಿರದಿಂದ ಹಾಕುವ ಎಸೆತ ಲೇ-ಅಪ್. ಬಲಗಡೆಯಿಂದ ಬರುವವರು ಬಲಗಾಲು, ಎಡಗಾಲು ಎಂಬ ಕ್ರಮದಲ್ಲಿ ಹೆಜ್ಜೆಯಿಟ್ಟು, ಎಡಗಾಲಿನಿಂದ ನೆಗೆದು, ಬಲಗೈಯಿಂದ ಚೆಂಡನ್ನು ಫಲಕದ ಮೇಲಿನ ಚೌಕದ ಬಲ ಮೇಲ್ಮೂಲೆಗೆ ಮೃದುವಾಗಿ ತಾಗಿಸುತ್ತಾರೆ. ಎಡಗಡೆಯಿಂದ ಎಲ್ಲವೂ ತಿರುಗುಮುರುಗು. ಓಡಿಬಂದ ವೇಗವನ್ನು ಮುಂದಕ್ಕೆ ಬಿಡದೆ ಮೇಲಕ್ಕೆ ತಿರುಗಿಸುವುದೇ ಇದರ ಮರ್ಮ.

ದೂರದ ಎಸೆತದಲ್ಲಿ ಚೆಂಡು ಬೆರಳುಗಳ ಮೇಲೆ ಕೂತಿರಬೇಕು. ಮೊಣಕೈ ಚೆಂಡಿನ ಕೆಳಗೆ, ಬಳೆಯ ನೇರಕ್ಕೆ ಇರಬೇಕು. ಇನ್ನೊಂದು ಕೈ ಬದಿಯಲ್ಲಿ ಆಸರೆಯಾಗಿ ಮಾತ್ರ. ಬಲ ಬರಬೇಕಾದದ್ದು ಮಂಡಿಯಿಂದ. ಕೈ ದಿಕ್ಕು ಕೊಡುತ್ತದೆ, ಮಣಿಕಟ್ಟು ಕೊನೆಯಲ್ಲಿ ಬಾಗಿ ಚೆಂಡಿಗೆ ಹಿಮ್ಮುಖ ತಿರುವು ಕೊಡುತ್ತದೆ. ಈ ತಿರುವಿನಿಂದ ಬಳೆಗೋ ಫಲಕಕ್ಕೋ ತಾಗಿದ ಚೆಂಡು ತನ್ನ ಮುನ್ನುಗ್ಗುವ ವೇಗ ಕಳೆದುಕೊಂಡು ಬುಟ್ಟಿಯೊಳಕ್ಕೆ ಬೀಳುವ ಸಾಧ್ಯತೆ ಹೆಚ್ಚುತ್ತದೆ. ನೆಗೆದು ಎತ್ತರದ ತುದಿಯಲ್ಲಿ ಬಿಡುವ ಜಂಪ್ ಶಾಟ್‌ನಲ್ಲೂ ಕೈಯ ಕ್ರಮ ಇದೇ.

ಚೆಂಡನ್ನು ಎತ್ತರದ ಕಮಾನಿನಲ್ಲಿ ಎಸೆಯಿರಿ ಎಂದು ತರಬೇತುದಾರರು ಹೇಳುವುದಕ್ಕೆ ರೇಖಾಗಣಿತದ ಆಧಾರವಿದೆ. ಚೆಂಡಿನ ವ್ಯಾಸ ಸುಮಾರು 24 ಸೆಂ.ಮೀ., ಬಳೆಯದು 45. ನೇರ ಮೇಲಿನಿಂದ ಬೀಳುವ ಚೆಂಡಿಗೆ ಬಾಯಿ ಪೂರ್ತಿ ತೆರೆದಿರುತ್ತದೆ. ಓರೆಯಾಗಿ ಬಂದಷ್ಟೂ ಅದು ಕಿರಿದಾಗುತ್ತದೆ. 30 ಡಿಗ್ರಿ ಕೋನದಲ್ಲಿ ಬರುವ ಚೆಂಡಿಗೆ ಕಾಣುವ ಬಾಯಿ 22.5 ಸೆಂ.ಮೀ. ಮಾತ್ರ, ಅಂದರೆ ಚೆಂಡಿಗಿಂತ ಚಿಕ್ಕದು. ಬಳೆಗೆ ತಾಗದೆ ಅದು ಒಳಹೋಗಲಾರದು. 45 ಡಿಗ್ರಿಯಲ್ಲಿ ಈ ಬಾಯಿ ಸುಮಾರು 32 ಸೆಂ.ಮೀ.ಗೆ ಹಿಗ್ಗುತ್ತದೆ.

ಫ್ರೀ ಥ್ರೋವನ್ನು ಯಾರ ತಡೆಯೂ ಇಲ್ಲದೆ ಹಾಕಬೇಕಾದುದರಿಂದ ಅದು ಸುಲಭವೆನಿಸುತ್ತದೆ. ದಣಿದ ಕಾಲು, ಸದ್ದು ಮಾಡುವ ಪ್ರೇಕ್ಷಕರು, ಒಂದು ಅಂಕದ ಅಂತರ ಇವುಗಳ ನಡುವೆ ಅದು ಹಾಗಿರುವುದಿಲ್ಲ. ಕಾಲಿನ ಸ್ಥಾನ, ಚೆಂಡು ಪುಟಿಸುವ ಸಂಖ್ಯೆ, ಉಸಿರು ಎಲ್ಲವನ್ನೂ ಪ್ರತಿಸಲ ಒಂದೇ ರೀತಿ ಮಾಡುವ ಅಭ್ಯಾಸ ಇದಕ್ಕೆ ಮದ್ದು. ರಿಕ್ ಬ್ಯಾರಿ ಎಂಬ ಆಟಗಾರ ಎರಡೂ ಕೈಗಳಿಂದ ಕೆಳಗಿನಿಂದ ಎತ್ತಿ ಎಸೆಯುವ ಹಳೆಯ ವಿಧಾನದಲ್ಲೇ ಎನ್.ಬಿ.ಎ.ಯಲ್ಲಿ ಸುಮಾರು 90 ಶೇಕಡ ಯಶಸ್ಸು ಪಡೆದರು. ಫ್ರೀ ಥ್ರೋಗಳಲ್ಲಿ ದುರ್ಬಲರೆನಿಸಿದ್ದ ವಿಲ್ಟ್ ಚೇಂಬರ್ಲೇನ್, 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದಾಗ ಇದೇ ರೀತಿ ಎಸೆದು 32ರಲ್ಲಿ 28ನ್ನು ಹಾಕಿದ್ದರು. ಆದರೂ ಈ ವಿಧಾನ ನಗೆಪಾಟಲೆಂಬ ಸಂಕೋಚದಿಂದ ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ.

ರಿಬೌಂಡ್ ಮತ್ತು ರಕ್ಷಣೆ

ಗುರಿತಪ್ಪಿ ಹಿಂದಿರುಗಿದ ಚೆಂಡನ್ನು ಹಿಡಿಯುವುದು ರಿಬೌಂಡ್. ಇಲ್ಲಿ ಎತ್ತರಕ್ಕಿಂತ ಸ್ಥಾನ ಮುಖ್ಯ. ಎಸೆತ ಹೊರಟ ಕೂಡಲೇ ಚೆಂಡನ್ನು ನೋಡುತ್ತ ನಿಲ್ಲದೆ, ಎದುರಾಳಿಗೆ ಬೆನ್ನು ಮಾಡಿ, ಕಾಲು ಅಗಲಿಸಿ, ಅವನನ್ನು ಬಳೆಯಿಂದ ದೂರವಿಟ್ಟು ನಂತರ ನೆಗೆಯಬೇಕು. ಇದು ಬಾಕ್ಸ್ ಔಟ್.

ರಕ್ಷಕ ಎದುರಾಳಿ ಮತ್ತು ಬಳೆಯ ನಡುವೆ, ಮಂಡಿ ಬಾಗಿಸಿ, ಕೈ ಚಾಚಿ ನಿಂತು, ಕಾಲುಗಳನ್ನು ಅಡ್ಡ ಹಾಕದೆ ಪಕ್ಕಕ್ಕೆ ಜಾರುತ್ತ ಚಲಿಸುತ್ತಾನೆ. ಎದುರಾಳಿ ಕಣ್ಣು, ತಲೆ, ಚೆಂಡುಗಳಿಂದ ಮೋಸಮಾಡಬಲ್ಲ, ಸೊಂಟದಿಂದ ಆಗದು. ಆದ್ದರಿಂದ ರಕ್ಷಕನ ದೃಷ್ಟಿ ಅಲ್ಲಿರಬೇಕು. ಒಬ್ಬರಿಗೊಬ್ಬರಂತೆ ಕಾಯುವುದು ಮ್ಯಾನ್-ಟು-ಮ್ಯಾನ್ ಪದ್ಧತಿ, ಅಂಕಣದ ಭಾಗಗಳನ್ನು ಹಂಚಿಕೊಂಡು ಕಾಯುವುದು ಝೋನ್ ಪದ್ಧತಿ. ಮಕ್ಕಳಿಗೆ ಮೊದಲನೆಯದನ್ನೇ ಕಲಿಸುವುದು ಲೇಸು. ಝೋನ್‌ನಲ್ಲಿ ಒಬ್ಬರ ಸೋಮಾರಿತನ ಬೇಗ ಬಯಲಾಗುವುದಿಲ್ಲ.

ಆಟಗಾರರ ಸ್ಥಾನಗಳನ್ನು ಪಾಯಿಂಟ್ ಗಾರ್ಡ್, ಶೂಟಿಂಗ್ ಗಾರ್ಡ್, ಸ್ಮಾಲ್ ಫಾರ್ವರ್ಡ್, ಪವರ್ ಫಾರ್ವರ್ಡ್, ಸೆಂಟರ್ ಎಂದು ಹೆಸರಿಸುವ ರೂಢಿಯಿದೆ. ನಿಯಮಪುಸ್ತಕದಲ್ಲಿ ಇಂಥ ವಿಂಗಡಣೆಯಿಲ್ಲ.

ಭಾರತದಲ್ಲಿ

ಭಾರತದಲ್ಲಿ ಆಟ ಬೇರೂರಲು ವೈ.ಎಂ.ಸಿ.ಎ. ಕಾರಣವಾಯಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದ್ರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಾದ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಆಧುನಿಕ ಆಟಗಳನ್ನು ಒಯ್ದರು. ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿರುವುದು 1980ರ ಮಾಸ್ಕೋದಲ್ಲಿ ಮಾತ್ರ. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡಕ್ಕೆ ಆಯ್ಕೆಯಾಗಿ, ಎನ್.ಬಿ.ಎ. ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯರೆನಿಸಿದರು.

ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017 ಮತ್ತು 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಎರಡೂ ಬಾರಿ ಜಪಾನ್ ಪ್ರಶಸ್ತಿ ಗೆದ್ದಿತು. 2017ರಲ್ಲಿ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು.